ಮಗುಚಿದ ಮೇಲೆ ಎಲ್ಲಿಗೆ?

ರಭಸದ ನೀರಿನಲ್ಲಿ ಕಯಾಕ್ ಕಲಿಯಲು ಬರುವವರು ಮೊದಲು ಕೇಳುವ ಪ್ರಶ್ನೆ ಒಂದೇ: ‘ಈ ನದಿ ಎಷ್ಟನೇ ದರ್ಜೆಯದು?’ 1ರಿಂದ 6ರವರೆಗಿನ ಅಂತರರಾಷ್ಟ್ರೀಯ ಶ್ರೇಣಿಯಲ್ಲಿ 2 ಎಂದೊಡನೆ ಅವರ ಮುಖ ಅರಳುತ್ತದೆ, ವಿಚಾರಣೆ ಅಲ್ಲಿಗೇ ಮುಗಿಯುತ್ತದೆ. ನನ್ನ ತಾಳ್ಮೆ ಕೆಡಿಸುವುದು ಇದೇ. ದರ್ಜೆ ಮುಖ್ಯವಾಗಿ ಹೇಳುವುದು ದೋಣಿ ನೆಟ್ಟಗಿರುವಾಗ ಆ ನೀರನ್ನು ದಾಟುವುದು ಎಷ್ಟು ಕಷ್ಟವೆಂಬುದನ್ನು. ಕಲಿಯುವವರ ದೋಣಿಯಾದರೋ ಮಗುಚಿಯೇ ಮಗುಚುತ್ತದೆ. ಆದ್ದರಿಂದ ಮಗುಚಿದವರು ತೇಲಿಕೊಂಡು ಎಲ್ಲಿಗೆ ಹೋಗುತ್ತಾರೆ ಎಂದು ಕೇಳಿ.

ರಭಸದ ಕೆಳಗೆ ಅಗಲವಾದ, ನಿಧಾನವಾದ ಮಡುವಿದ್ದರೆ ಮನುಷ್ಯ, ದೋಣಿ, ಹುಟ್ಟು ಮೂರನ್ನೂ ಅಲ್ಲಿ ಒಟ್ಟುಗೂಡಿಸಿ ದಡಕ್ಕೆ ತರಬಹುದು. ಅದೇ 2ನೇ ದರ್ಜೆಯ ನೀರು ನಡುವೆ ಮಡುವೇ ಇಲ್ಲದೆ ಅರ್ಧ ಕಿಲೋಮೀಟರ್ ಎಡೆಬಿಡದೆ ಹರಿದರೆ, ಈಜುತ್ತಿರುವವರಿಗೆ ಸುಧಾರಿಸಿಕೊಳ್ಳಲೂ ಬಿಡುವು ಸಿಗದು. ಮೊದಲನೆಯದರಲ್ಲಿ ನೊರೆಯೂ ಸದ್ದೂ ಹೆಚ್ಚಿರಬಹುದು. ಆದರೂ ಹೊಸಬರನ್ನು ನಾನು ಕರೆದೊಯ್ಯುವುದು ಅಲ್ಲಿಗೇ.

ಸದ್ದಿಲ್ಲದ ನೀರೆಂದರೆ ಸುರಕ್ಷಿತ ನೀರೆಂಬ ಭ್ರಮೆಯೂ ಇದರ ಜೊತೆಗೇ ಬರುತ್ತದೆ. ನದಿ ಎರಡು ಕವಲಾಗಿ ಒಡೆಯುವ ಕಡೆ, ಶಾಂತವಾಗಿ ಕಂಡ ಎಡಗವಲಿನಲ್ಲೇ ಇಳಿಯೋಣವೆಂದು ಶಿಷ್ಯೆಯೊಬ್ಬಳು ಹಟ ಹಿಡಿದಿದ್ದಳು. ವಾದಿಸುವ ಬದಲು ಅವಳನ್ನು ದಡದಗುಂಟ ನಡೆಸಿಕೊಂಡು ಹೋದೆ. ತಿರುವಿನಾಚೆ ಮರವೊಂದು ಪಾತ್ರಕ್ಕೆ ಅಡ್ಡಲಾಗಿ ಬಿದ್ದಿತ್ತು. ಅವಳೇ ಎಸೆದ ದಪ್ಪನೆಯ ಒಣಕೊಂಬೆ ಹೋಗಿ ಅದರ ರೆಂಬೆಗಳಿಗೆ ಸಿಕ್ಕಿಕೊಂಡಿತು. ನೀರು ಮಾತ್ರ ಜರಡಿಯಲ್ಲಿ ಇಳಿದಂತೆ ಹಾದುಹೋಯಿತು. ಸೆಳವಿನ ವೇಗ ಇಮ್ಮಡಿಯಾದರೆ ಅದು ಒತ್ತುವ ಬಲ ನಾಲ್ಕು ಪಟ್ಟಾಗುವುದರಿಂದ, ಅಲ್ಲಿ ಸಿಕ್ಕಿಬಿದ್ದವರನ್ನು ತೋಳ್ಬಲದಿಂದ ಬಿಡಿಸುವ ಮಾತು ದೂರವೇ ಉಳಿಯಿತು. ಈಗ ಅವಳು ನನಗಿಂತ ಮೊದಲು ದಡ ನೋಡಲು ಹೊರಡುತ್ತಾಳೆ, ನನ್ನ ನಿಧಾನವನ್ನು ಗೇಲಿಯೂ ಮಾಡುತ್ತಾಳೆ.

ಸೊಂಟದೆತ್ತರದ ಒಡ್ಡುಗಳೂ ಹೀಗೆಯೇ. ಮೇಲಿನಿಂದ ನೋಡಿದರೆ ಕಾಣುವುದು ಒಂದು ನೇರವಾದ ಗೆರೆ ಮಾತ್ರ. ಬಿದ್ದ ನೀರು ಅದರ ಬುಡದಲ್ಲಿ ಹಿಂದಕ್ಕೆ ಉರುಳಿ, ಸಿಕ್ಕಿದ್ದನ್ನು ಮತ್ತೆ ಮತ್ತೆ ಒಡ್ಡಿನತ್ತಲೇ ಎಳೆಯುತ್ತದೆ. ಅಲ್ಲಿ ದೋಣಿ ಹೊತ್ತು ನಡೆಯುವುದೇ ಸರಿ.

ಮಳೆಯಿಂದಲೋ ಅಣೆಕಟ್ಟೆಯಿಂದ ಬಿಟ್ಟ ನೀರಿನಿಂದಲೋ ಮಟ್ಟ ಏರಿದರೆ ನಿನ್ನೆಯ ಮಡು ಇಂದು ಮಡುವಾಗಿ ಉಳಿದಿರಲಾರದು. ಆದ್ದರಿಂದ ಯಾವುದೇ ಪಾತ್ರವನ್ನು ಹೊಸಬರಿಗೆ ತಕ್ಕದ್ದೆಂದು ಹೇಳುವಾಗ ನಾನು ಆ ದಿನದ ಮಟ್ಟಕ್ಕಷ್ಟೇ ಮಾತು ಕೊಡುತ್ತೇನೆ. ದಡದಗುಂಟ ನಡೆಯಲು ದಾರಿಯೇ ಇಲ್ಲದ ಕಡೆ, ದರ್ಜೆ ಎಷ್ಟೇ ಇರಲಿ, ಮೊದಲ ಸಲದವರನ್ನು ಇಳಿಸುವುದಿಲ್ಲ.