ಬತ್ತಳಿಕೆ: ಬೆನ್ನಿನಿಂದ ಬಿಲ್ಲಿಗೆ ಬಂದ ಕಥೆ

ಚಿಕ್ಕವನಿದ್ದಾಗ ಬತ್ತಳಿಕೆ ಅಂದರೆ ಭತ್ತ ಅಳೆಯುವ ಪಾತ್ರೆ ಅಂದುಕೊಂಡಿದ್ದೆ. ಗಂಗಾವತಿ ಕಡೆಯ ಹುಡುಗನಿಗೆ ಇದು ದೊಡ್ಡ ತಪ್ಪೇನಲ್ಲ. ಎತ್ತ ನೋಡಿದರೂ ಭತ್ತದ ಗದ್ದೆ, ಊರ ತುಂಬ ರೈಸ್ ಮಿಲ್. ಸೇರು ಇದ್ದ ಹಾಗೆ ಇದೂ ಒಂದು ಅಳತೆ ಇರಬೇಕು ಅಂತ ನನ್ನ ಲೆಕ್ಕ.

ಆ ಲೆಕ್ಕ ತಪ್ಪಿದ್ದು ಬಯಲಾಟದಲ್ಲಿ. ಅರ್ಜುನನ ಪಾತ್ರಧಾರಿ ಬೆನ್ನಿಗೆ ಪೈಪಿನ ತುಂಡು ಕಟ್ಟಿಕೊಂಡಿದ್ದ. ಮೇಲೆ ಮಿಂಚುವ ಕಾಗದ, ಬಾಯಿಗೆ ಜರಿ ಅಂಚು, ಒಳಗೆ ಬಿದಿರಿನ ಐದು ಬಾಣ. ನಡೆಯುವಾಗ, ಕುಣಿಯುವಾಗ ಎಲ್ಲ ಚೆನ್ನಾಗಿಯೇ ಇತ್ತು. ಕೃಷ್ಣನ ಕಾಲಿಗೆ ನಮಸ್ಕಾರ ಮಾಡಲು ಬಗ್ಗಿದ ನೋಡಿ, ಐದೂ ಬಾಣ ಅವನ ಕಿವಿ ಸವರಿಕೊಂಡು ಮುಂದೆ ಜಾರಿ ಬಿದ್ದವು. ಒಂದು ಉರುಳಿ ಹಾರ್ಮೋನಿಯಂ ಕೆಳಗೆ ಹೋಯಿತು. ಪಾಪ, ಕೃಷ್ಣನೇ ಎತ್ತಿಕೊಟ್ಟ. ಜನ ನಕ್ಕರು. ನಾನೂ ನಕ್ಕೆ. ಬೆನ್ನಿನ ಬತ್ತಳಿಕೆಯ ದೊಡ್ಡ ದೋಷವನ್ನೇ ಕಣ್ಣೆದುರು ನೋಡಿದ್ದೆ ಅನ್ನೋದು ಹೊಳೆದದ್ದು ಮಾತ್ರ ಎಷ್ಟೋ ವರ್ಷದ ಮೇಲೆ.

ಮೊನ್ನೆ ಅಣ್ಣನ ಮಗ ಫೋನಿನಲ್ಲಿ ಅಮೆರಿಕದ ಬೇಟೆಗಾರನ ವಿಡಿಯೊ ನೋಡುತ್ತಿದ್ದ. "ಕಾಕಾ, ಬತ್ತಳಿಕಿ ಬೆನ್ನಿಗೆ ಇರಬೇಕಲ್ಲ? ಇವನ ಬಿಲ್ಲಿಗೇ ಅಂಟೇತಲ್ಲ!" ಅಂದ. ಪ್ರಶ್ನೆ ಸರಿಯಾಗಿಯೇ ಇತ್ತು. ನಮ್ಮ ಕ್ಯಾಲೆಂಡರ್ ರಾಮ, ಅಂಜನಾದ್ರಿ ಬೆಟ್ಟದ ಕೆಳಗೆ ಮಾರುವ ಫೋಟೊದ ರಾಮ, ಎಲ್ಲರ ಬತ್ತಳಿಕೆಯೂ ಬೆನ್ನಿಗೇ ಇರೋದು. ವಾಲಿಗೆ ರಾಮ ಬಾಣ ಬಿಟ್ಟ ಜಾಗ ಅಂತ ಆನೆಗೊಂದಿಯ ಚಿಂತಾಮಣಿಯನ್ನು ತೋರಿಸುವ ಊರಿನವರು ನಾವು. ಬತ್ತಳಿಕೆ ಬೇರೆ ಕಡೆ ಇರಬಹುದು ಅಂತ ನಮಗೆ ಹೊಳೆಯೋದಾದರೂ ಹೇಗೆ?

ಪದದಿಂದಲೇ ಶುರು ಮಾಡೋಣ. ಬಾಣ ಇಟ್ಟುಕೊಳ್ಳುವ ಸಾಧನ ಬತ್ತಳಿಕೆ. ಸಂಸ್ಕೃತದವರು ತೂಣೀರ, ನಿಷಂಗ ಅನ್ನುತ್ತಾರೆ. ಹಳೆಯ ಕನ್ನಡ ಕಾವ್ಯಗಳಲ್ಲಿ ಮೂಡಿಗೆ, ದೊಣೆ ಅಂತಲೂ ಇದೆ. ದೊಣೆ ಅಂದರೆ ನಮ್ಮ ಕಡೆಯವರಿಗೆ ಬೆಟ್ಟದ ಬಂಡೆಯಲ್ಲಿ ನೀರು ನಿಲ್ಲುವ ಗುಂಡಿ ನೆನಪಾಗುತ್ತದೆ. ಎರಡರಲ್ಲೂ ಏನನ್ನೋ ಒಳಗಿಟ್ಟುಕೊಳ್ಳುವ ಟೊಳ್ಳು ಇದೆ, ಅಲ್ವಾ? ಖಾಂಡವವನ ಸುಡುವ ಮೊದಲು ಅಗ್ನಿ ಅರ್ಜುನನಿಗೆ ಗಾಂಡೀವದ ಜೊತೆ ಕೊಡಿಸಿದ ಬರಿದಾಗದ ಬತ್ತಳಿಕೆಗೆ ಹಳಗನ್ನಡದಲ್ಲಿ ತವದೊಣೆ ಅನ್ನುತ್ತಾರೆ. ತವು ಅಂದರೆ ಕಡಿಮೆಯಾಗು, ತವದ ಅಂದರೆ ಕಡಿಮೆಯಾಗದ. ಎಷ್ಟು ಚೆಂದದ ಪದ, ಸುಮ್ನೆ ಕಳಕೊಂಡುಬಿಟ್ಟೆವು.

ಈಗ ಬತ್ತಳಿಕೆ ಹೆಚ್ಚಾಗಿ ಉಳಿದಿರೋದು ಕ್ರಿಕೆಟ್ ಸುದ್ದಿಯಲ್ಲಿ, ಚುನಾವಣೆ ಸುದ್ದಿಯಲ್ಲಿ. ಬೌಲರನ ಬತ್ತಳಿಕೆಯಲ್ಲಿ ಹೊಸ ಅಸ್ತ್ರ, ವಿರೋಧ ಪಕ್ಷದ ಬತ್ತಳಿಕೆ ಖಾಲಿ. ಈ ಬಳಕೆಯಲ್ಲಿ ಬತ್ತಳಿಕೆ ಅಂದರೆ ದಾಸ್ತಾನು. ಒಳಗೆ ಎಷ್ಟಿದೆ ಅನ್ನೋದೇ ಮುಖ್ಯ. ಆದರೆ ನಿಜವಾಗಿ ಬಿಲ್ಲು ಹಿಡಿಯುವವನನ್ನು ಕೇಳಿ, ಎಷ್ಟು ಬಾಣ ಹಿಡಿಯುತ್ತದೆ ಅನ್ನೋದನ್ನು ಅವನು ಕೊನೆಗೆ ನೋಡುತ್ತಾನೆ. ಬಾಣವನ್ನು ಹೇಗೆ ಹಿಡಿದುಕೊಳ್ಳುತ್ತದೆ ಅನ್ನೋದು ಅವನಿಗೆ ಮೊದಲು.

ಬೆನ್ನಿನ ಬತ್ತಳಿಕೆಯ ಕಥೆ ಬಯಲಾಟದಲ್ಲಿ ಆಯಿತಲ್ಲ. ಬಗ್ಗಿದರೆ ಬಾಣ ಜಾರುತ್ತದೆ, ಗಿಡಗಂಟಿಯಲ್ಲಿ ನುಗ್ಗಿದರೆ ತುದಿ ಕೊಂಬೆಗೆ ಸಿಕ್ಕುತ್ತದೆ. ಸೊಂಟಕ್ಕೆ ಕಟ್ಟುವುದು ಇನ್ನೊಂದು ಬಗೆ. ಒಲಿಂಪಿಕ್ಸ್ ಬಿಲ್ಲುಗಾರರ ಸೊಂಟದಲ್ಲಿ ನೀವು ನೋಡಿರುತ್ತೀರಿ. ಸಮತಟ್ಟು ಮೈದಾನದಲ್ಲಿ ನಿಂತು ಹೊಡೆಯಲು ಅದರಷ್ಟು ಸಲೀಸು ಬೇರಿಲ್ಲ. ಆದರೆ ಪೊದೆಯಲ್ಲಿ ಕೂರುವವನಿಗೆ, ಮರ ಹತ್ತುವವನಿಗೆ ಅದು ಕಾಲಿಗೆ ತೊಡರುತ್ತದೆ. ಹಾಗಾಗಿ ಅಮೆರಿಕದ ಬಿಲ್ಲುಬೇಟೆಗಾರರಲ್ಲಿ ಬಿಲ್ಲಿಗೇ ಕಟ್ಟುವ ಬತ್ತಳಿಕೆ ಬಳಕೆಗೆ ಬಂತು. ಬಿಲ್ಲು ಎಲ್ಲಿರುತ್ತದೋ ಬಾಣವೂ ಅಲ್ಲೇ.

ಇದು ಚೀಲವೂ ಅಲ್ಲ, ಕೊಳವೆಯೂ ಅಲ್ಲ. ಹೆಚ್ಚಿನವುಗಳಲ್ಲಿ ಎರಡೇ ಮುಖ್ಯ ಭಾಗ. ಮೇಲೆ ಒಂದು ಟೋಪಿ, ಬಾಣದ ತುದಿಗಳು ಅದರೊಳಗಿನ ಫೋಮ್ ಅಥವಾ ರಬ್ಬರಿಗೆ ಚುಚ್ಚಿಕೊಂಡು ಕೂರುತ್ತವೆ. ಕೆಳಗೆ ಸಾಲಾಗಿ ರಬ್ಬರಿನ ಹಿಡಿಗಳು, ಬಾಣದ ಕಡ್ಡಿಯನ್ನು ಟಕ್ ಅಂತ ಒತ್ತಿ ಸಿಕ್ಕಿಸಬೇಕು. ಗೋಡೆಯ ಕ್ಲಿಪ್ಪಿಗೆ ಪೊರಕೆ ಸಿಕ್ಕಿಸಿದ ಹಾಗೆ. ನಡುವೆ ಬಾಣ ಬರೀ ಗಾಳಿಯಲ್ಲಿ. ಒಂದಕ್ಕೊಂದು ತಾಗುವುದಿಲ್ಲ, ತಲೆಕೆಳಗು ಮಾಡಿದರೂ ಬೀಳುವುದಿಲ್ಲ. ಇಡೀ ಜೋಡಣೆಯನ್ನು ಬಿಲ್ಲಿನ ನಡುಗಂಬಕ್ಕೆ, ಅಂದರೆ ರೈಸರಿಗೆ, ಸ್ಕ್ರೂ ಹಾಕಿ ಕೂರಿಸುತ್ತಾರೆ. ಬಾಣ ಬಿಡುವ ಬದಿಗಲ್ಲ, ಅದರ ಎದುರು ಬದಿಗೆ. ಎಡಚರಿಗೆ ಅದು ತಿರುಗುಮುರುಗು, ಕೊಳ್ಳುವಾಗ ಕೇಳಿಕೊಳ್ಳಬೇಕು.

ಆರಿಸುವಾಗ ನಾನಾದರೆ ಮೊದಲು ಟೋಪಿ ನೋಡುತ್ತೇನೆ. ಬೇಟೆ ಬಾಣದ ತುದಿಗೆ ಬ್ರಾಡ್‌ಹೆಡ್ ಅನ್ನುವ ಅಲಗು ಇರುತ್ತದೆ, ಬ್ಲೇಡಿನಷ್ಟೇ ಹರಿತ. ನೂರು ಗ್ರೇನ್ ತೂಕದ್ದು ಸಾಮಾನ್ಯ, ನಮ್ಮ ಲೆಕ್ಕದಲ್ಲಿ ಆರೂವರೆ ಗ್ರಾಂ. ಅಷ್ಟು ಪುಟ್ಟ ವಸ್ತು ಬೆರಳನ್ನು ಮೂಳೆವರೆಗೆ ಸೀಳಬಲ್ಲದು. ಟೋಪಿ ಅದನ್ನು ಪೂರ್ತಿ ಮುಚ್ಚಬೇಕು, ಅಲಗಿನ ಅಂಚು ಎಲ್ಲೂ ಹೊರಗೆ ಇಣುಕಬಾರದು. ಬಿಲ್ಲಿನ ಜೊತೆ ಎಡವಿ ಬೀಳುವ ದಿನ ಒಂದಲ್ಲ ಒಂದು ಸಲ ಬಂದೇ ಬರುತ್ತದೆ.

ಆಮೇಲೆ ಹಿಡಿ. ಕಾರ್ಬನ್ ಬಾಣಗಳಲ್ಲಿ ತೆಳು, ದಪ್ಪ ಅಂತ ಬಗೆಗಳಿವೆ. ದಪ್ಪ ಕಡ್ಡಿಗೆ ಮಾಡಿದ ಹಿಡಿಯಲ್ಲಿ ತೆಳು ಕಡ್ಡಿ ಸಡಿಲವಾಗಿ ಅಲ್ಲಾಡುತ್ತದೆ, ಸದ್ದು ಮಾಡುತ್ತದೆ. ಈ ಸದ್ದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಕಾಂಪೌಂಡ್ ಬಿಲ್ಲಿನ, ಅಂದರೆ ತುದಿಗಳಲ್ಲಿ ಗಾಲಿ ಇರುವ ಈಗಿನ ಬೇಟೆ ಬಿಲ್ಲಿನ, ಬಾಣ ಸೆಕೆಂಡಿಗೆ 90 ಮೀಟರ್ ಆಸುಪಾಸು ಹೋಗುತ್ತದೆ. ಸದ್ದು ಹೋಗುವುದು 340 ಮೀಟರ್. ಅಂದರೆ 27 ಮೀಟರ್ ದೂರದ ಜಿಂಕೆಗೆ ಸದ್ದು ಮೊದಲು ಮುಟ್ಟುತ್ತದೆ, ಬಾಣ ಮುಟ್ಟುವುದು ಸೆಕೆಂಡಿನ ಕಾಲು ಭಾಗದಷ್ಟು ತಡವಾಗಿ. ಅಷ್ಟರಲ್ಲಿ ಜಿಂಕೆ ಮೈ ಕುಗ್ಗಿಸಿಬಿಟ್ಟಿರುತ್ತದೆ. ಅಂಗಡಿಯಲ್ಲಿ ಬತ್ತಳಿಕೆಯ ತುಂಬ ಬಾಣ ಸಿಕ್ಕಿಸಿ ಕಿವಿ ಹತ್ತಿರ ಅಲ್ಲಾಡಿಸಿ ನೋಡಿ. ತೆಂಗಿನಕಾಯಿ ಅಲ್ಲಾಡಿಸಿ ಕೊಳ್ಳುವುದಿಲ್ಲವೇ? ಇಲ್ಲಿ ಮಾತ್ರ ಸದ್ದು ಬಂದರೆ ಬೇಡ ಅನ್ನಬೇಕು.

ತೂಕದ ವಿಷಯ ಸ್ವಲ್ಪ ಕಿರಿಕಿರಿಯದು. ಒಂದು ಬೇಟೆ ಬಾಣ 400 ಗ್ರೇನ್ ಅಂದರೆ 26 ಗ್ರಾಂ. ಐದು ಬಾಣಕ್ಕೆ 130 ಗ್ರಾಂ, ಜೊತೆಗೆ ಬತ್ತಳಿಕೆಯ ಸ್ವಂತ ಭಾರ. ಕೇಳಲು ಏನೂ ಅಲ್ಲ. ಆದರೆ ಅಷ್ಟೂ ಒಂದೇ ಮಗ್ಗುಲಿಗೆ. ಸೈಕಲ್ಲಿನ ಒಂದೇ ಬದಿಗೆ ಹಾಲಿನ ಕ್ಯಾನ್ ತೂಗುಹಾಕಿ ತುಳಿದವರಿಗೆ ಗೊತ್ತು, ಹ್ಯಾಂಡಲ್ ಹೇಗೆ ಆ ಕಡೆಗೇ ಎಳೆಯುತ್ತದೆ ಅಂತ. ಬಿಲ್ಲೂ ಹಾಗೇ ವಾಲುತ್ತದೆ. ಅದಕ್ಕೇ ಬಿಲ್ಲಿಗೆ ಆದಷ್ಟು ಒತ್ತಿಕೊಂಡು ಕೂರುವ ಬತ್ತಳಿಕೆ ಒಳ್ಳೆಯದು. ದೂರ ಚಾಚಿಕೊಂಡಷ್ಟೂ ಎಳೆತ ಜಾಸ್ತಿ. ಗಾಳಿ ಬೀಸುವ ಬಯಲಿನಲ್ಲಂತೂ ಬಾಣಗಳ ಗರಿಗೆ ಗಾಳಿ ಹಿಡಿದು ಬಿಲ್ಲೇ ನಡುಗುತ್ತದೆ. ಎಷ್ಟು ಬಾಣ ಬೇಕು ಅನ್ನುವ ಪ್ರಶ್ನೆಗೂ ಇದೇ ಉತ್ತರ. ಮೂರು ಬಾಣದ್ದೂ ಸಿಗುತ್ತದೆ, ಆರರದ್ದೂ ಸಿಗುತ್ತದೆ. ಬಿಲ್ಲುಬೇಟೆಯಲ್ಲಿ ಎರಡನೇ ಬಾಣಕ್ಕೆ ಅವಕಾಶ ಸಿಗುವುದೇ ಅಪರೂಪ, ಆರು ಹೊತ್ತು ಏನು ಮಾಡೋದು?

ಕೆಲವು ಬತ್ತಳಿಕೆ ಬಿಲ್ಲಿಗೆ ಕಾಯಂ. ಕೆಲವನ್ನು ಒಂದು ಗುಂಡಿ ಒತ್ತಿ ಬಿಚ್ಚಿ ಪಕ್ಕದ ಕೊಂಬೆಗೆ ನೇತುಹಾಕಬಹುದು. ಬಿಚ್ಚುವಂಥದ್ದೇ ವಾಸಿ ಅನ್ನಿಸುತ್ತದೆ, ಆದರೆ ಒಂದು ಶರತ್ತಿದೆ. ಬತ್ತಳಿಕೆ ಇಟ್ಟುಕೊಂಡು ಹೊಡೆದಾಗ ಬಾಣ ಬೀಳುವ ಜಾಗ, ತೆಗೆದು ಹೊಡೆದಾಗ ಬೀಳುವ ಜಾಗ ಎರಡೂ ಒಂದೇ ಆಗಿರಬೇಕೆಂದಿಲ್ಲ. ಇಟ್ಟುಕೊಂಡು ಅಭ್ಯಾಸ ಮಾಡಿದವನು ಇಟ್ಟುಕೊಂಡೇ ಹೊಡೆಯಬೇಕು.

ಇಷ್ಟೆಲ್ಲ ಹೇಳಿದ ಮೇಲೆ ಹುಡುಗನಿಗೆ ಇನ್ನೊಂದನ್ನೂ ಹೇಳಬೇಕಾಯಿತು. ಇದು ಅಲ್ಲಿನವರ ಬೇಟೆ, ಅಲ್ಲಿ ಲೈಸೆನ್ಸ್ ಇದೆ, ಬಿಲ್ಲಿಗೆ ಅಂತಲೇ ಬೇರೆ ಸೀಸನ್ ಇದೆ. ನಮ್ಮಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಇದೆ. ದರೋಜಿ ಕರಡಿಧಾಮದ ಕರಡಿ ಇರಲಿ, ಹೊಲದ ಬದಿಯ ಮೊಲದ ಮೇಲೆ ಬಾಣ ಬಿಟ್ಟರೂ ಕೇಸು ಬೀಳುತ್ತದೆ. ತಮಾಷೆ ನೋಡಿ, ಬಿಲ್ಲುಗಾರಿಕೆ ಎಷ್ಟೋ ದಶಕದ ನಂತರ ಒಲಿಂಪಿಕ್ಸಿಗೆ ಮರಳಿದ್ದೂ ಅದೇ 1972ರಲ್ಲಿ, ಮ್ಯೂನಿಕ್‌ನಲ್ಲಿ. ಇಲ್ಲಿ ಬಿಲ್ಲು ಹಿಡಿಯುವ ಆಸೆ ಇದ್ದರೆ ಗುರಿಹಲಗೆ ಇದೆ, ಅದಕ್ಕೆ ಸೊಂಟದ ಬತ್ತಳಿಕೆ ಸಾಕು.

ಅವನು ಒಂದು ಗಳಿಗೆ ಸುಮ್ಮನಿದ್ದ. ಆಮೇಲೆ ಕೇಳಿದ: "ಕಾಕಾ, ಅರ್ಜುನನ ಆ ಮುಗಿಯದ ಬತ್ತಳಿಕಿ ಬಿಲ್ಲಿಗೆ ಕಟ್ಟಿದ್ರ ಎಷ್ಟು ವಾಲತಿತ್ತು?"