ಚಿಪ್ ಬಂತು, ಆದಾಯ ಬಂತೇ? ಭದ್ರತಾ ತಂತ್ರಜ್ಞಾನದ ಷೇರು ಓದುವ ಬಗೆ

ದಾವಣಗೆರೆಯಲ್ಲಿ ನನ್ನ ಜೊತೆ ಎಂ.ಕಾಂ. ಓದುತ್ತಿರುವ, ಹೂಡಿಕೆ ವಿಶ್ಲೇಷಣೆ ವಿಷಯ ತೆಗೆದುಕೊಂಡ ಗೆಳೆಯರಿಗೆ ಈ ಟಿಪ್ಪಣಿ. ಹೊಸ ಭದ್ರತಾ ತಂತ್ರಜ್ಞಾನ ಬಂದಾಗಲೆಲ್ಲ ‘ಇನ್ನು ಎಲ್ಲ ಕಂಪನಿಗಳೂ ಇದನ್ನು ಕೊಳ್ಳಲೇಬೇಕು’ ಅನ್ನುವ ಮಾತಿನ ಮೇಲೆ ಷೇರು ಏರುತ್ತದೆ. ಆ ಮಾತನ್ನು ಒರೆಗೆ ಹಚ್ಚಲು, ಟಿಪಿಎಂ ಎಂಬ ಭದ್ರತಾ ಚಿಪ್ಪನ್ನು ನೆಚ್ಚಿಕೊಂಡಿದ್ದ ವೇವ್ ಸಿಸ್ಟಮ್ಸ್ ಕಂಪನಿಗಿಂತ ಒಳ್ಳೆಯ ಉದಾಹರಣೆ ನನಗೆ ಸಿಕ್ಕಿಲ್ಲ.

ಟಿಪಿಎಂ ಅಂದರೆ ಮದರ್‌ಬೋರ್ಡ್ ಮೇಲಿನ ಪುಟ್ಟ ಚಿಪ್. ಗೂಢಲಿಪಿಯ, ಅಂದರೆ ಮಾಹಿತಿಯನ್ನು ಬೇರೆಯವರು ಓದಲಾಗದಂತೆ ಮಾಡುವ ವಿಧಾನದ, ಕೀಲಿಗಳನ್ನು ತನ್ನೊಳಗೇ ಕಾಪಾಡುತ್ತದೆ. ಅದರ ಕೀಲಿಯಿಂದ ಬೀಗ ಹಾಕಿದ ಡಿಸ್ಕನ್ನು ಬಿಚ್ಚಿ ಬೇರೆ ಯಂತ್ರಕ್ಕೆ ಹಾಕಿದರೆ ಮಾಹಿತಿ ತೆರೆಯದು. ಇದರ ಮಾನದಂಡ ನೋಡಿಕೊಳ್ಳುವ ಟ್ರಸ್ಟೆಡ್ ಕಂಪ್ಯೂಟಿಂಗ್ ಗ್ರೂಪ್ ಶುರುವಾಗಿದ್ದು 2003ರಲ್ಲಿ. ಈ ಚಿಪ್ ನಿರ್ವಹಿಸುವ ತಂತ್ರಾಂಶವನ್ನು ಅಮೆರಿಕದ ವೇವ್ ಸಿಸ್ಟಮ್ಸ್ ಮಾರುತ್ತಿತ್ತು. ಅದೇ ವರ್ಷದ ಆಗಸ್ಟ್‌ನಲ್ಲಿ ಇಂಟೆಲ್ ಜೊತೆಗಿನ ಒಪ್ಪಂದದ ಸುದ್ದಿಗೇ ಅದರ ಷೇರು ಜಿಗಿಯಿತು. ಮುಂದೆ ಡೆಲ್ ತನ್ನ ವ್ಯಾಪಾರಿ ಲ್ಯಾಪ್‌ಟಾಪ್‌ಗಳಲ್ಲಿ ವೇವ್ ತಂತ್ರಾಂಶ ಹಾಕಿ ಕೊಟ್ಟಿತು.

ಹೂಡಿಕೆದಾರರ ಲೆಕ್ಕ ಸರಳವಾಗಿತ್ತು: ಇಷ್ಟು ಚಿಪ್, ಪ್ರತಿ ಚಿಪ್ಪಿಗೆ ಇಷ್ಟು ಹಣ. ನಾವೇ ಕಲ್ಪಿತ ಅಂಕಿಗಳಲ್ಲಿ ಮಾಡಿ ನೋಡೋಣ. 1,00,000 ಕಂಪ್ಯೂಟರ್, ತಲಾ 500 ರೂಪಾಯಿ: 5 ಕೋಟಿ. ಈಗ ಶೇ. 5 ಮಂದಿ ಮಾತ್ರ ಚಿಪ್ ಚಾಲೂ ಮಾಡಿದರು ಅನ್ನಿ, ಉಳಿದದ್ದು 5,000. ಅವರಲ್ಲಿ ಶೇ. 20 ಮಂದಿ ಮಾತ್ರ ದುಡ್ಡು ಕೊಟ್ಟು ತಂತ್ರಾಂಶ ಕೊಂಡರು, 1,000. ಆದಾಯ 5 ಲಕ್ಷ. ಚಿಪ್ ಎಣಿಕೆ ಒಂದೂ ಸುಳ್ಳಲ್ಲ, ಆದರೂ 5 ಕೋಟಿ 5 ಲಕ್ಷಕ್ಕೆ ಇಳಿಯಿತು. ಪರೀಕ್ಷೆಯಲ್ಲಿ ಈ ಎರಡು ನಡುವಿನ ಮೆಟ್ಟಿಲುಗಳನ್ನು ಬಿಡಬೇಡಿ.

ಚಾಲೂ ಯಾಕೆ ಮಾಡಲಿಲ್ಲ? ಆಗಿನ ಚಿಪ್ಪುಗಳು ಸಾಮಾನ್ಯವಾಗಿ ಆಫ್ ಆಗಿಯೇ ಬರುತ್ತಿದ್ದವು. ಯಂತ್ರದ ಮುಂದೆ ಕೂತು, ವಿಂಡೋಸ್ ಶುರುವಾಗುವ ಮೊದಲೇ ತೆರೆಯುವ ಬಯಾಸ್ ಸೆಟ್ಟಿಂಗ್‌ನಲ್ಲಿ ಆನ್ ಮಾಡಬೇಕು. ಸಾವಿರಾರು ಯಂತ್ರಗಳಿಗೆ ಈ ಕೆಲಸ ಯಾರು ಮಾಡುತ್ತಾರೆ? ಅದಕ್ಕಿಂತ ದೊಡ್ಡದು ಭಯ. ಮಂಡಿಪೇಟೆಯ ಒಂದು ಸಗಟು ಅಂಗಡಿಯಲ್ಲಿ ಲೆಕ್ಕದ ಕಂಪ್ಯೂಟರ್ ನೋಡಲು ಕೇಳಿಕೊಂಡೆ. ಕೀಬೋರ್ಡಿನ ವಿಂಡೋಸ್ ಗುಂಡಿ ಜೊತೆ ಆರ್ ಒತ್ತಿ ‘ಟಿಪಿಎಂ ಡಾಟ್ ಎಂಎಸ್‌ಸಿ’ ಅಂತ ಟೈಪ್ ಮಾಡಿದರೆ, ಚಿಪ್ ಬಳಕೆಗೆ ಸಿದ್ಧ, ಆವೃತ್ತಿ 2.0 ಅಂತ ಬಂತು. ಆ ಚಿಪ್ಪಿನ ಕೀಲಿಯಿಂದ ಡಿಸ್ಕಿಗೆ ಬೀಗ ಹಾಕುವ ವಿಂಡೋಸ್‌ನ ಬಿಟ್‌ಲಾಕರ್ ಮಾತ್ರ ಆಫ್. ಚಿಪ್ ಕೈಕೊಟ್ಟರೆ ಬೀಗ ತೆರೆಯುವ 48 ಅಂಕಿಯ ರಿಕವರಿ ಕೀಲಿಯ ವಿಷಯ ಹೇಳಿದ್ದಕ್ಕೆ ಸಾಹುಕಾರರು, “ಬೋರ್ಡ್ ಸುಟ್ಟು, ಆ ನಂಬರೂ ಕಳೆದುಹೋಗಿ ಟ್ಯಾಲಿ ತೆರೀಲಿಲ್ಲ ಅಂದ್ರೆ ಜಿಎಸ್‌ಟಿ ರಿಟರ್ನ್ ಯಾರು ಹಾಕ್ತಾರಪ್ಪ?” ಅಂದರು. ಅವರ ಪ್ರಶ್ನೆಯಲ್ಲಿ ಹುರುಳಿದೆ. ಕಳ್ಳತನ ಆಗಬಹುದು ಅಥವಾ ಆಗದಿರಬಹುದು. ರಿಟರ್ನ್ ಮಾತ್ರ ಗಡುವಿನೊಳಗೆ ಹೋಗಲೇಬೇಕು. ದೊಡ್ಡ ಕಂಪನಿಗಳ ಐಟಿ ವಿಭಾಗಗಳ ಹಿಂಜರಿಕೆಯೂ ಇದೇ ಜಾತಿಯದು.

ಇನ್ನೊಂದು ಪೆಟ್ಟು ವೇದಿಕೆಯ ಒಡೆಯನಿಂದ. ಮೈಕ್ರೋಸಾಫ್ಟ್ ವಿಂಡೋಸ್ ವಿಸ್ಟಾ ಕಾಲದಲ್ಲೇ ಬಿಟ್‌ಲಾಕರನ್ನು ವಿಂಡೋಸ್‌ನ ಮೇಲ್ದರ್ಜೆಯ ಆವೃತ್ತಿಗಳಲ್ಲಿ ಸೇರಿಸಿಬಿಟ್ಟಿತು. ಜೊತೆಗೇ ಬರುವುದನ್ನು ಹೊರಗೆ ಕೊಳ್ಳುವವರು ಕಡಿಮೆ.

ವೇವ್ ನಷ್ಟ ತುಂಬಿಕೊಳ್ಳಲು ಮತ್ತೆ ಮತ್ತೆ ಹೊಸ ಷೇರು ಹೊರಡಿಸಿತು. 10 ಲಕ್ಷ ಷೇರು 20 ಲಕ್ಷವಾದರೆ ಕಂಪನಿ ಅಷ್ಟೇ ಇದ್ದರೂ ನಿಮ್ಮ ಪಾಲು ಅರ್ಧ. ಕಾದು ಕೂತವರಿಗೆ ಇದು ಸದ್ದಿಲ್ಲದೆ ಬೀಳುವ ಹೊಡೆತ, ಹಾಗಾಗಿ ವಾರ್ಷಿಕ ವರದಿಯಲ್ಲಿ ಷೇರು ಸಂಖ್ಯೆಯನ್ನು ಐದು ವರ್ಷ ಹಿಂದಕ್ಕೆ ಹೋಗಿ ನೋಡಿ. ಆದಾಯ ಒಬ್ಬನೇ ಗ್ರಾಹಕನ ಮೇಲೆ ನಿಂತಿದೆಯೇ ಅನ್ನುವುದನ್ನೂ ನೋಡಿ. ವೇವ್‌ಗೆ ಡೆಲ್ ಹಾಗಿತ್ತು. 2016ರ ಫೆಬ್ರುವರಿಯಲ್ಲಿ ಕಂಪನಿ ದಿವಾಳಿ ಅರ್ಜಿ ಹಾಕಿತು.

2021ರಲ್ಲಿ ವಿಂಡೋಸ್ 11 ಬಂದಾಗ ಟಿಪಿಎಂ 2.0 ಕಡ್ಡಾಯವಾಯಿತು. ತಂತ್ರಜ್ಞಾನದ ಬಗ್ಗೆ ಆ ಹೂಡಿಕೆದಾರರ ಊಹೆ ನಿಜವೇ ಆಯಿತು, ಆದರೆ ಫಲ ಉಣ್ಣಲು ಅವರ ಕಂಪನಿಯೇ ಉಳಿದಿರಲಿಲ್ಲ.

ಈಗ ಇದೇ ‘ಕೊಳ್ಳಲೇಬೇಕು’ ಅನ್ನುವ ಮಾತು ಕ್ವಾಂಟಮ್ ಕಂಪ್ಯೂಟರಿಗೂ ಜಗ್ಗದ ಗೂಢಲಿಪಿಯ ಬಗ್ಗೆ ಕೇಳಿಬರುತ್ತಿದೆ. ಅಮೆರಿಕದ ಸರ್ಕಾರಿ ಮಾನದಂಡ ಸಂಸ್ಥೆ ಎನ್‌ಐಎಸ್‌ಟಿ 2024ರ ಆಗಸ್ಟ್‌ನಲ್ಲಿ ಇದಕ್ಕೆ ಮೂರು ಮಾನದಂಡ ಹೊರಡಿಸಿತು. 2025ರ ಏಪ್ರಿಲ್‌ನಲ್ಲಿ ಬಂದ, ಗೂಢಲಿಪಿಯ ಮುಕ್ತ ತಂತ್ರಾಂಶ ಓಪನ್‌ಎಸ್‌ಎಸ್‌ಎಲ್‌ನ 3.5 ಆವೃತ್ತಿ ಆ ಮೂರನ್ನೂ ಉಚಿತವಾಗಿಯೇ ಕೊಡುತ್ತಿದೆ. ಈ ಕ್ಷೇತ್ರದ ಯಾವುದಾದರೂ ಒಂದು ಕಂಪನಿಯ ವರದಿ ಹಿಡಿದು, ಉಚಿತವಾಗಿ ಸಿಗುವುದನ್ನು ಕಳೆದ ಮೇಲೆ ಗ್ರಾಹಕ ಅದಕ್ಕೆ ಯಾವ ಕೆಲಸಕ್ಕಾಗಿ ದುಡ್ಡು ಕೊಡುತ್ತಾನೆ ಎಂದು ಬರೆದು ತನ್ನಿ.