ಪದ ಪರಿಚಯ: ಜಿಯು-ಜಿತ್ಸುವಿನ ‘ರೆಕಾರ್ಡ್’

ಪುಣೆಯ ಕೋಥ್ರೂಡಿನಲ್ಲಿ ನಾನು ಬ್ರೆಜಿಲಿಯನ್ ಜಿಯು-ಜಿತ್ಸು (ಎದುರಾಳಿಯನ್ನು ನೆಲಕ್ಕೆ ಕೆಡವಿ ಹಿಡಿತಗಳಿಂದ ಮಣಿಸುವ ಕಾಳಗದ ವಿದ್ಯೆ) ಕಲಿಯುವ ತರಗತಿಗೆ ಮಗನನ್ನು ಸೇರಿಸಲು ಬಂದ ವಿಜಯಪುರದ ಕಡೆಯ ತಂದೆಯೊಬ್ಬರು ಮೊದಲು ವಿಚಾರಿಸಿದ್ದು ಫೀಸನ್ನಲ್ಲ. ‘ಸರ್ ಅವರ ರೆಕಾರ್ಡ್ ಏನೈತ್ರಿ?’ ಎಂದು ಕೇಳಿದರು. ಕುಸ್ತಿಯ ಸೀಮೆಯವರಿಗೆ ಇದು ಸಹಜವಾದ ಪ್ರಶ್ನೆ. ವಸ್ತಾದ, ಅಂದರೆ ಕುಸ್ತಿಯ ಗುರು, ಯಾರ ಜೊತೆ ಕುಸ್ತಿ ಹಿಡಿದಿದ್ದ, ಯಾರನ್ನು ಚಿತ್ ಮಾಡಿದ್ದ ಎಂದು ತಿಳಿಯದೆ ಅವರು ಹುಡುಗನನ್ನು ತಾಲೀಮಿಗೆ ಬಿಡುವುದಿಲ್ಲ.

ಈ ಪದವನ್ನು ‘ದಾಖಲೆ’ ಎಂದುಬಿಟ್ಟರೆ ಅರ್ಥ ಜಾರುತ್ತದೆ. ಕ್ರೀಡಾಪುಟಗಳಲ್ಲಿ ದಾಖಲೆಯೆಂದರೆ ಇನ್ನೊಬ್ಬರು ಮುರಿಯಬೇಕಾದ ಸಾಧನೆ. ಇಲ್ಲಿ ರೆಕಾರ್ಡ್ ಎಂದರೆ ಸ್ಪರ್ಧಿಯೊಬ್ಬ ಆಡಿದ ಪಂದ್ಯಗಳ ಗೆಲುವು, ಸೋಲು, ಸಮಬಲಗಳ ಪೂರ್ತಿ ಲೆಕ್ಕ. ಆದರೆ ಆ ಅಂಕಿ ಒಂಟಿಯಾಗಿ ಏನನ್ನೂ ಹೇಳದು. ಎದುರಾಳಿ ಯಾವ ಬೆಲ್ಟಿನವನು, ಯಾವ ತೂಕದವನು, ಪಂದ್ಯ ಯಾವ ನಿಯಮದ್ದು, ಮುಗಿದದ್ದು ಹೇಗೆ ಎಂಬುದನ್ನೂ ನೋಡಬೇಕು. ಕತ್ತನ್ನೋ ಕೀಲನ್ನೋ ಒತ್ತಿ ಹಿಡಿದಾಗ ಸಿಕ್ಕಿಕೊಂಡವನು ಅಂಗೈಯಿಂದ ಪಟಪಟನೆ ತಟ್ಟಿ ಸೋಲೊಪ್ಪುತ್ತಾನೆ. ಇದು ಒಬ್ಬ ಸೋಲುವವರೆಗೂ ನಡೆಯುವ ನಮ್ಮ ನಿಕಾಲಿ ಕುಸ್ತಿಗೆ ಹತ್ತಿರವಾದದ್ದು. ಅದಾಗದಿದ್ದರೆ ಅಂಕಗಳ ಲೆಕ್ಕ: ಕೆಡವಿದರೆ 2, ಕಾಲುಗಳ ತಡೆ ದಾಟಿದರೆ 3, ಎದೆಯ ಮೇಲೆ ಕೂತರೆ ಅಥವಾ ಬೆನ್ನು ಹಿಡಿದರೆ 4.

ಯಾರಿಗೆ ಯಾರು ಎದುರಾಳಿ ಎಂಬುದನ್ನು ಕುಸ್ತಿಯವರು ‘ಜೋಡಿ’ ಎನ್ನುವುದು ಇಲ್ಲಿಗೂ ಸಲ್ಲುತ್ತದೆ. 2003ರಲ್ಲಿ ಬ್ರೆಜಿಲಿನ ಸಾವೊ ಪಾಲೊದಲ್ಲಿ ನಡೆದ ಎಡಿಸಿಸಿ ಎಂಬ ಅಂತರರಾಷ್ಟ್ರೀಯ ಸ್ಪರ್ಧೆಯಲ್ಲಿ, ಅದುವರೆಗೆ ಮೂರು ಬಾರಿ ಗೆದ್ದಿದ್ದ ರಾಯ್ಲರ್ ಗ್ರೇಸಿಯನ್ನು ಇನ್ನೂ ಬ್ಲ್ಯಾಕ್ ಬೆಲ್ಟಿಗೆ ಒಂದು ಮೆಟ್ಟಿಲು ಕೆಳಗೆ, ಬ್ರೌನ್ ಬೆಲ್ಟಿನಲ್ಲಿದ್ದ ಎಡ್ಡಿ ಬ್ರಾವೊ ಕಾಲುಗಳ ತ್ರಿಕೋನದಲ್ಲಿ ಕತ್ತು ಸಿಕ್ಕಿಸಿ ಸೋಲಿಸಿದರು. 2014ರಲ್ಲಿ, ಇಬ್ಬರೂ ಹೆಸರಾಂತ ಗುರುಗಳಾಗಿದ್ದಾಗ, ಅಂಕಗಳೇ ಇಲ್ಲದ ನಿಯಮದಡಿ ಇಪ್ಪತ್ತು ನಿಮಿಷ ಸೆಣಸಿದರು. ಯಾರೂ ತಟ್ಟಲಿಲ್ಲ, ಪಂದ್ಯ ಸಮವಾಯಿತು. ಬರೆದಿಟ್ಟರೆ ಬ್ರಾವೊ ಅವರಿಗೆ ಒಂದು ಗೆಲುವು, ಒಂದು ಸಮ, ಅಷ್ಟೇ. ನಡುವಿನ ಹನ್ನೊಂದು ವರ್ಷಗಳಾಗಲಿ ಬದಲಾದ ನಿಯಮವಾಗಲಿ ಆ ಸಾಲಿನಲ್ಲಿ ಕಾಣುವುದಿಲ್ಲ.

ಸೋಲನ್ನು ಈ ವಿದ್ಯೆ ಹೇಗೆ ಕಂಡಿತೆಂಬುದಕ್ಕೆ ನನಗೆ ಎಲ್ಲಕ್ಕಿಂತ ಪ್ರಿಯವಾದ ಉದಾಹರಣೆ 1951ರದ್ದು. ರಿಯೊದ ಮರಕಾನಾ ಕ್ರೀಡಾಂಗಣದಲ್ಲಿ, ಈ ವಿದ್ಯೆಯನ್ನು ಬೆಳೆಸಿದ ಗ್ರೇಸಿ ಕುಟುಂಬದ ಎಲಿಯೊ ಗ್ರೇಸಿ ತಮಗಿಂತ ಭಾರವಾದ ಜಪಾನಿನ ಜೂಡೋ ಪಟು ಮಸಾಹಿಕೊ ಕಿಮುರಾ ಅವರ ಎದುರು ನಿಂತರು. ಎರಡನೆಯ ಸುತ್ತಿನಲ್ಲಿ ಕಿಮುರಾ ತಮ್ಮ ತೋಳನ್ನು ಬೆನ್ನಿನತ್ತ ತಿರುಚಿದರೂ ಎಲಿಯೊ ತಟ್ಟಲಿಲ್ಲ. ಅಣ್ಣ ಕಾರ್ಲೋಸ್ ಪಂದ್ಯ ನಿಲ್ಲಿಸಿದರು. ಗ್ರೇಸಿಗಳ ಶಿಷ್ಯಪರಂಪರೆ ಆ ಸೋಲನ್ನು ಮುಚ್ಚಿಡದೆ, ತಮ್ಮ ಗುರುವನ್ನು ಮಣಿಸಿದ ಆ ಹಿಡಿತಕ್ಕೆ ಗೆದ್ದವನ ಹೆಸರನ್ನೇ ಇಟ್ಟಿತು. ಇಂದಿಗೂ ಕೋಥ್ರೂಡಿನ ನಮ್ಮ ಮ್ಯಾಟಿನ ಮೇಲೆ ಎದುರಾಳಿಯ ಮಣಿಕಟ್ಟನ್ನು ಹಿಡಿದು, ನನ್ನ ಇನ್ನೊಂದು ಕೈಯನ್ನು ಅವನ ತೋಳಿನ ಮೇಲಿಂದ ಹಾಯಿಸಿ ನನ್ನದೇ ಮಣಿಕಟ್ಟಿಗೆ ಬೀಗ ಹಾಕುವಾಗ, ನಾವು ಅದನ್ನು ‘ಕಿಮುರಾ’ ಎಂದೇ ಕರೆಯುತ್ತೇವೆ.

ಗುರುವಿನ ರೆಕಾರ್ಡು ಅವನ ಕಲಿಸುವ ಶಕ್ತಿಗೆ ಅಳತೆಯಲ್ಲ ಎಂಬುದನ್ನೂ ಹೇಳಬೇಕು. ಹೆಸರಾಂತ ತರಬೇತುದಾರ ಜಾನ್ ಡನಹರ್ ಸ್ವತಃ ಕಣಕ್ಕಿಳಿದು ಹೆಸರು ಮಾಡಿದವರಲ್ಲ. ಆದರೆ ಅವರ ಕೈಯಲ್ಲಿ ಪಳಗಿದ ಗಾರ್ಡನ್ ರಯನ್ ಎಡಿಸಿಸಿಯನ್ನು ಹಲವು ಬಾರಿ ಗೆದ್ದಿದ್ದಾರೆ. ಇದನ್ನೆಲ್ಲ ಕೇಳಿಸಿಕೊಂಡ ಆ ತಂದೆ, ಮ್ಯಾಟಿನ ಮೇಲೆ ಹೊರಳುತ್ತಿದ್ದ ಮಕ್ಕಳನ್ನು ಸ್ವಲ್ಪ ಹೊತ್ತು ನೋಡಿ, ‘ಹಂಗಾದ್ರ ಇವರ ಹುಡುಗರ ರೆಕಾರ್ಡ್ ಹೇಳ್ರಿ’ ಎಂದರು.